ನಮ್ಮ ಮನ್ಯಾಗ ಯಾರೂ ಕೆಮ್ಮಂಗಿಲ್ಲ

ಅಕ್ಕೋಳ
18 ನವೆಂಬರ್ 2024

ಕೆಂಪಕ್ಕಗ,

ತಮ್ಮ ನಾಮದೇವ ಬರಿಯೂದು. ಪತ್ರ ಅಂದಮ್ಯಾಲ ‘ನಾವೆಲ್ಲ ಕ್ಷೇಮ, ನೀವೂ ಕ್ಷೇಮ ಇದ್ದೀರಂತ ತಿಳೀತೀವಿ’ ಅಂತ ಶುರು ಮಾಡಬೇಕಂತ ಸಾಲ್ಯಾಗ ಕಲಿಸಿದ್ದರು. ನಾ ನಾಕನೇತ್ತಕ್ಕ ಸಾಲಿ ಬಿಟ್ಟು ಕುರಿ ಹಿಂದ ಹೋದವ, ಪೂರ್ತಿ ಕಲೀಲಿಲ್ಲ. ಇಲ್ಲಿ ನಾವು ಕ್ಷೇಮ ಇಲ್ಲ. ಅಲ್ಲಿ ನೀವು ಕ್ಷೇಮ ಇದ್ದೀರಿ ಅನ್ನೂದರ ಮ್ಯಾಲ ನನಗ ನಂಬಿಕಿ ಇಲ್ಲ.

ಫೋನ್ ಹಚ್ಚಿದ್ರ ನಿನ್ನ ಸಣ್ಣ ಮಗ ಮಾಳು ಎತ್ತತಾನ, ನನ್ನ ಧ್ವನಿ ಕೇಳತಾನ, ಇಟ್ಟು ಬಿಡತಾನ. ಈಗಂತೂ ನನ್ನ ನಂಬರೇ ಹತ್ತದಂಗ ಮಾಡ್ಯಾನ. ಪತ್ರದಾಗ ಒಂದು ಅನುಕೂಲ ಐತಿ: ನಡುವ ಕಟ್ ಮಾಡಾಕ ಬರಂಗಿಲ್ಲ. ಹರದು ಒಲಿಗೆ ಹಾಕಬೇಕಂದ್ರೂ ಒಂದೆರಡು ಸಾಲು ಕಣ್ಣಿಗೆ ಬಿದ್ದ ಬೀಳತಾವ.

ನನ್ನ ಮಗಳು ಭಾಗ್ಯಾನ್ನ ನಿನ್ನ ದೊಡ್ಡ ಮಗ ಭೀಮಸಿಗೆ ಕೊಟ್ಟಾಗ ಮಂದಿ ಏನಂದ್ರು? ಸೋದರತ್ತಿ ಮನಿ, ಒಂದು ಮನಿಯಿಂದ ಎದ್ದು ಇನ್ನೊಂದು ಮನ್ಯಾಗ ಕುಂತಂಗ ಅಂದ್ರು. ಹೋದ ಸೋಮವಾರ ಆಕಿ ಚಿಕ್ಕೋಡಿ ಬಸ್ ಸ್ಟ್ಯಾಂಡಿನಾಗ ಒಬ್ಬಾಕಿನ ಕುಂತಿದ್ಲು. ಮೈ ಕೆಂಡ ಆಗಿತ್ತು. ಕಾಲ ಕೆಳಗ ಒಂದು ಚೀಲ. ಬಿಚ್ಚಿ ನೋಡಿದೆ. ಎರಡು ಸೀರಿ, ಆಕಿ ಉಣ್ಣುವ ತಾಟು, ಆಕಿ ನೀರು ಕುಡಿಯು ಗಲಾಸು.

ತಾಟು ಕಳಿಸಿದಿ, ಅಕ್ಕಾ! ಸತ್ತವರ ಹಾಸಿಗಿ ಹೊರಗ ಹಾಕೂದು ನೋಡೀನಿ. ಬದುಕಿದ್ದಾಕಿ ತಾಟು ಹೊರಗ ಹಾಕೂದು ನಿನ್ನ ಮನ್ಯಾಗನ ನೋಡಿದೆ. ಸೊಸಿ ಬ್ಯಾಡಾದ್ಲು, ಆಕಿ ಎರಡು ವರ್ಷದ ಮಗಳು ಕಾಜಲ ಮಾತ್ರ ಬೇಕಾದ್ಲು. ಒಳ್ಳೇ ಮಾಲು ಇಟ್ಕೊಂಡು ಒಡಕು ವಾಪಸ್ ಕಳಿಸು ವ್ಯಾಪಾರ ನಾ ಸಂತ್ಯಾಗ ಕಂಡೀನಿ. ಅಕ್ಕನ ಮನ್ಯಾಗ ಕಾಣಬೇಕಂತ ಹಣ್ಯಾಗ ಬರದಿರಲಿಲ್ಲ ಅಂತ ತಿಳದಿದ್ದೆ.

ಈಗ ಸುದ್ದಿ ಕೇಳು. ಬೆಳಗಾವಿ ದವಾಖಾನ್ಯಾಗ ಭಾಗ್ಯಾನ ಕಫ ಯಂತ್ರಕ್ಕ ಹಾಕಿದ್ರು. ಟಿ.ಬಿ. ಐತಿ. ಅದೂ ಸಾದಾ ಟಿ.ಬಿ. ಅಲ್ಲ. ಎಲ್ಲಾರಿಗೂ ಮೊದಲು ಕೊಡತಾರಲ್ಲ, ಆ ಗುಳಿಗಿಗೆ ಬಗ್ಗದ ಜಾತಿದು. ನಾ ಕೇಳಿದೆ, “ಡಾಕ್ಟರ್ ಬಾಯಾರ, ನನ್ನ ಮಗಳು ಹುಟ್ಟಿದಾಗಿಂದ ಟಿ.ಬಿ.ದು ಒಂದು ಗುಳಿಗಿ ನುಂಗಿಲ್ಲ. ನುಂಗದ ಗುಳಿಗಿಯನ್ನ ತಪ್ಪಿಸಿಕೊಳ್ಳಾಕ ಆ ಕ್ರಿಮಿ ಎಲ್ಲಿ ಕಲೀತು?” ಆಕಿ ನನ್ನ ಮಾರಿ ನೋಡಿದ್ರು. “ಬ್ಯಾರೆ ಯಾರದೋ ಎದ್ಯಾಗ ಕಲತು ಬಂದೈತ್ರಿ. ಆಕಿಗೆ ಕಲತದ್ದ ಹತ್ತೈತಿ,” ಅಂದ್ರು.

ಅಂದ್ರ ಆ ಎದಿ ಇನ್ನೂ ಎಲ್ಲೋ ಉಸಿರಾಡಾಕತ್ತೈತಿ. ಅದು ನಿನ್ನ ಮನ್ಯಾಗ ಇದ್ರ, ಕಾಜಲ ಅದರ ಪಕ್ಕದಾಗ ಆಡಾಕತ್ತಾಳ.

ಆಶಾ ಕಾರ್ಯಕರ್ತೆ ಬಂದು ಮನ್ಯಾಗ ಯಾರು ಕೆಮ್ಮತಾರಂತ ಕೇಳತಾಳ. ಖರೇ ಹೇಳು. ಇಲ್ಲಾ, ಕೂಸು ಇಲ್ಲಿಗೆ ಕಳಿಸು.

ನಿನ್ನ ಮ್ಯಾಲ ಹೊಟ್ಟಿ ಉರಕೊಂಡಿರು ತಮ್ಮ,
ನಾಮದೇವ


ದಿಗ್ಗೇವಾಡಿ
3 ಡಿಸೆಂಬರ್ 2024

ನಾಮ್ಯಾ,

ನಿನ್ನ ಪತ್ರ ಓದಿದೆ. ಸಂತ್ಯಾಗ ಕುರಿ ಹಲ್ಲು ನೋಡಿ ನೋಡಿ ನಿನಗ ಮನಷ್ಯಾರೂ ಕುರಿ ಆಗ್ಯಾರ. ಒಳ್ಳೇ ಮಾಲಂತ, ಒಡಕಂತ! ಅಕ್ಕಗ ಬರಿಯೂ ಮಾತೇನಲೇ ಅದು?

ರೋಗ ನಮ್ಮ ಮನಿದಂತ ಯಾವ ಬಾಯಿಲೆ ಅಂದಿ? ನಿನ್ನ ಹೆಂಡತಿ ತಾರಾಬಾಯಿ ನಿಪ್ಪಾಣಿ ಬೀಡಿ ಕಟ್ಟಿದಾಕಿ. ನಿನ್ನ ಮಗಳು ಲಂಗಾ ಹಾಕ್ಕೊಳ್ಳೂ ವಯಸ್ಸಿನಿಂದ ತಾಯಿ ಬಾಜೂಕ ಕುಂತು ಬೀಡಿ ಎಲಿ ಕತ್ತರಿಸಿದಾಕಿ. ಆ ತಂಬಾಕಿನ ಧೂಳ ಎದ್ಯಾಗ ತುಂಬಿಕೊಂಡು ನನ್ನ ಹೊಸ್ತಿಲಾ ದಾಟಿದ್ಲು. ಇಡೀ ಊರು ಅದನ್ನ ಅಂತೈತಿ. ನಾ ಒಬ್ಬಾಕಿನ ಅಂದಿಲ್ಲ.

ತಾಟು ಕಳಿಸಿದ್ದು ಆಕಿ ತಾಟು ಆಕಿಗೆ ಇರಲಿ ಅಂತ. ಕೂಸಿನ ಬಾಯಿಗೆ ಹೋಗಬಾರದಂತ. ನಿನಗ ಅದು ತಿಳಿಯಂಗಿಲ್ಲ. ಹೆಣ್ಣು ಕೂಸು ಸಾಕಿದಾಕಿ ನಿನ್ನ ಹೆಂಡತಿ, ನೀ ಸಂತಿ ತಿರಗಿದಾಂವ.

ಆಶಾ ಬಂದಿದ್ಲು. ಬಾಗಲದಾಗನ ನಿಂತು ಹೇಳಿ ಕಳಿಸಿದೆ: ನಮ್ಮ ಮನ್ಯಾಗ ಯಾರೂ ಕೆಮ್ಮಂಗಿಲ್ಲ. ಭೀಮಸಿ ಕಬ್ಬಿನ ಟ್ರ್ಯಾಕ್ಟರ್ ಮ್ಯಾಲ ಇರತಾನ, ಕಲ್ಲಿನಂಥ ಮೈ. ಮಾಳು ಗಟ್ಟಿ ಅದಾನ. ಅವಗ ಉಗಾರ ಬುದ್ರುಕದಾಗ ಸರಿತಾ ಅನ್ನು ಹುಡುಗಿ ಗೊತ್ತಾಗ್ಯಾಳ, ಏಪ್ರಿಲ್‌ದಾಗ ಲಗ್ನ. ನಿನ್ನ ನಾಲಿಗಿ ಅಲ್ಲಿತನಕ ಹೋಗಬಾರದು. ಹೋತಂದ್ರ ನನಗ ತಮ್ಮ ಇಲ್ಲ.

ಮಕ್ಕಳನ್ನ ಹೆಂಗ ಸಾಕಬೇಕಂತ ನನಗ ಹೇಳಿಕೊಡಬ್ಯಾಡ. ಭಿವಂಡ್ಯಾಗ ಹತ್ತು ಹುಡುಗರಿದ್ದ ಖೋಲ್ಯಾಗ ಮಾಳುಗ ರೊಟ್ಟಿ ಬಡದು ಹಾಕಿ ಬಂದಾಕಿ ನಾ. ಕಾಜಲ ಆರಾಮ ಅದಾಳ. ಅಜ್ಜೀ ಅಂತ ಬಾಯಿ ತುಂಬ ಕರೀತಾಳ. ಆಕಿನ್ನ ಮಲಗಿಸಿ ನಾ ಕಣ್ಣು ತಗದು ಬಿದ್ದಿರತೀನಿ. ಒಲಿ ಹೊಗಿ ಎದಿಗೆ ಕುಂತೈತಿ, ನಿದ್ದಿ ಹತ್ತಂಗಿಲ್ಲ.

ಭಾಗ್ಯಾ ಉಣ್ಣತಾಳೇನು? ಆಕಿಗೆ ಹಾಲಿನಾಗ ಅರಿಶಿಣ ಹಾಕಿ ಕೊಡರಿ.

ಕೆಂಪವ್ವ


ಅಕ್ಕೋಳ
26 ಫೆಬ್ರುವರಿ 2025

ಅಕ್ಕಾ,

ನಿನ್ನ ಪತ್ರ ಹರದು ಒಗೀಬೇಕಂತ ಮಾಡಿದ್ದೆ. ತಾರಾಬಾಯಿ ಕಸಗೊಂಡು ಅರಿವಿ ಪೆಟ್ಟಿಗ್ಯಾಗ ಇಟ್ಟಾಳ. “ಬೈಗಳ ಚಂದ ಬರದಾರ, ಇರಲಿ ಬಿಡ್ರಿ,” ಅಂತ. ನಿನ್ನ ಅರಿಶಿಣದ ಹಾಲೂ ಕೊಡಾಕತ್ತಾಳ. ಬೈದಾಕಿ ಮಾತು ಕೇಳೂ ಮಂದಿ ನಮ್ಮ ಮನ್ಯಾಗ ಅದಾರ.

ಭಾಗ್ಯಾಗ ನವೆಂಬರ್ ಕಡೀಕ ಹೊಸ ಗುಳಿಗಿ ಶುರು ಆಗ್ಯಾವ, ಆರು ತಿಂಗಳದ್ದು. ಬಾಯಿ ರುಚಿ ಹೋಗೈತಿ, ಅಂಗಾಲು ಉರಿತಾವಂತ ತಣ್ಣೀರಾಗ ಕಾಲಿಟ್ಟು ಕುಂಡ್ರತಾಳ. ಕಾಜಲನ ಸಣ್ಣ ಅಂಗಿ ಒಂದು ಚೀಲದಾಗ ಹೆಂಗೋ ಬಂದಿತ್ತು. ಅದನ್ನ ದಿನಾ ಒಗೀತಾಳ. ಉಟ್ಟವರಿಲ್ಲ, ತೊಟ್ಟವರಿಲ್ಲ, ಒಗಿಯೂದು ಮಾತ್ರ ನಿಂತಿಲ್ಲ. ನಾ ನೋಡಿದ್ರೂ ನೋಡದಂಗ ಹೊರಗ ಹೋಗತೀನಿ.

ಈಗ ಕುಂತು ಓದು. ಆಕಿ ಕಫ ದೊಡ್ಡ ಪ್ರಯೋಗಶಾಲಿಗೆ ಹೋಗಿತ್ತು. ಬೆಳಗಾವಿ ಡಾಕ್ಟರ್ ಬಾಯಾರು ಕರದು ವರದಿ ಓದಿ ಹೇಳಿದ್ರು. ಆ ಕ್ರಿಮಿ ಒಂದು ಇದ್ದದ್ದು ಎರಡು ಆಗುವಾಗ ತನ್ನೊಳಗಿನ ಬರಹ ಪೂರ್ತಿ ನಕಲು ಮಾಡತೈತಂತ. ಯಾವಾಗರೆ ಒಮ್ಮೆ ಒಂದಕ್ಷರ ತಪ್ಪತೈತಿ. ತಪ್ಪಿದ್ದು ಮಕ್ಕಳಿಗೆ ಹೋತು, ಮೊಮ್ಮಕ್ಕಳಿಗೆ ಹೋತು. ಕೆಲವು ತಪ್ಪಿನಿಂದನ ಅವು ಗುಳಿಗಿಗೆ ಬಗ್ಗದಂಗ ಆಗತಾವ. ಆ ತಪ್ಪುಗಳನ್ನ ಹೊಂದಿಸಿ ನೋಡಿದ್ರ ಯಾವ ಕ್ರಿಮಿ ಯಾವ ಮನೆತನದ್ದು, ಯಾವ ಸೀಮಿಯಿಂದ ಬಂತು ಅಂತ ಹೇಳಾಕ ಬರತೈತಿ.

ನಾ ಅಂದೆ, “ಬಾಯಾರ, ಇದು ನಮ್ಮ ಹೆಳವರ ಕೆಲಸಲ್ಲೇನ್ರಿ? ಎತ್ತಿನ ಮ್ಯಾಲ ಬರತಾರ, ನಮ್ಮಜ್ಜನ ಮುತ್ತಜ್ಜ ಯಾವ ಕುಲದಾಂವ, ಯಾವ ಬೆಡಗಿನಾಂವ, ಯಾವ ಊರು ಬಿಟ್ಟು ಎಲ್ಲಿ ಹಟ್ಟಿ ಹಾಕಿದ ಅಂತ ಗಡಗಡ ಹೇಳತಾರ.” ಆಕಿ ನಕ್ಕರು. “ಅದ ರೀ. ನಿಮ್ಮ ಮಗಳ ಎದ್ಯಾಗಿನ ಕ್ರಿಮಿ ಈ ಕಡೆ ಹಳೇ ಕಾಲದಿಂದ ಇರೂ ಬೆಡಗಿಂದಲ್ಲ. ಇದರ ಅಣ್ಣತಮ್ಮಂದಿರು ಮುಂಬೈ, ಭಿವಂಡಿ ಕಡೆ ಹೆಚ್ಚು ಸಿಗತಾವ. ಅಲ್ಲಿ ಹೋಗಿ ಬಂದವರು ಯಾರು?”

ಕೇಳಿದೇನು? ತಂಬಾಕಿನ ಧೂಳಿಗೆ ಬೆಡಗು ಇಲ್ಲ, ಅಕ್ಕಾ. ಧೂಳ ಎದಿ ಕೆಡಸತೈತಿ, ಖರೇ. ಆದ್ರ ಧೂಳ ಭಿವಂಡಿಯಿಂದ ಬಸ್ ಹತ್ತಿ ಬರಂಗಿಲ್ಲ.

ಇಂಥ ಲೆಕ್ಕ ನನಗ ಬರತೈತಿ. ಹಿಂಡಿನಾಗ ಒಂದು ಕುರಿ ಕೆಮ್ಮಿದ್ರ ಉಳಿದವನ್ನ ಒಂದೊಂದ ಹಿಡಿದು ಮೂಗು ನೋಡತೀವಿ. ನಿನ್ನ ಮನಿ ಹಿಡಿದು ನೋಡಿದೆ. ನಿನ್ನ ಗಂಡ ತೀರಿ ಏಳು ವರ್ಷ ಆತು. ಭೀಮಸಿ ಟ್ರ್ಯಾಕ್ಟರ್ ಬಿಟ್ಟು ಮಿರಜ ದಾಟಿಲ್ಲ. ಭಾಗ್ಯಾ ಅಕ್ಕೋಳ, ದಿಗ್ಗೇವಾಡಿ ಬಿಟ್ಟು ಮೂರನೇ ಊರಾಗ ಮಲಗಿಲ್ಲ. ಕಾಜಲ ಕೂಸು. ಉಳಿದಾಂವ ಒಬ್ಬ. ಭಿವಂಡಿ ಮಗ್ಗದಾಗ ದುಡಿದಾಂವ. ಹಿಂದಿನ ದೀಪಾವಳಿಗೆ ನಿನ್ನ ಕಟ್ಟಿ ಮ್ಯಾಲ ಕುಂತು ಅಂವ ಕೆಮ್ಮಿದ್ದನ್ನ ನಾ ನನ್ನ ಎರಡೂ ಕಿವಿಲೆ ಕೇಳೀನಿ. ನಿನ್ನ ಮಾಳು.

ಮಗನ ಲಗ್ನ ಕೆಡತೈತಂತ ಸೊಸಿನ್ನ ಹೊರಗ ಹಾಕಿದಿ. ಆ ಸರಿತಾ ಯಾರೋ ಪಾಪದ ಹುಡುಗಿ, ಅರಿಶಿಣ ಹಚ್ಚಿಕೊಂಡು ಅವನ ಪಕ್ಕ ಮಲಗಾಕ ಬರತಾಳ. ಮುಂದಿನ ವರ್ಷ ಆಕಿ ತಾಟೂ ಕಳಸತಿಯೇನು? ಐತವಾರ ನಾ ಉಗಾರಕ್ಕ ಹೋಗಾಂವ. ತಮ್ಮ ಇಲ್ಲಂತ ತಿಳಕೋ.

ಒಂದು ಮಾತು ಮಾತ್ರ ಕೇಳು, ನನ್ನ ಸಲುವಾಗಿ ಅಲ್ಲ, ಕೂಸಿನ ಸಲುವಾಗಿ. ಕಾಜಲನ್ನ ಮಾಳುನ ಹತ್ತಿರ ಬಿಡಬ್ಯಾಡ. ಭೀಮಸಿ ಹತ್ತಿರನೂ ಬ್ಯಾಡ, ಅಂವ ತಮ್ಮನ ಖೋಲ್ಯಾಗ ಕುಂತಿರತಾನ. ನಿನ್ನ ಮಗ್ಗಲದಾಗನ ಮಲಗಿಸಿಕೋ. ಒಂದ ಹೊದಿಕಿ ಮಾಡಿಕೊಂಡು ಬಾಗಲಾ ಹಾಕ್ಕೊಂಡು ಮಲಗು. ಆ ಮನ್ಯಾಗ ನಿನ್ನ ಬಿಟ್ರ ಯಾರನ್ನೂ ನಾ ನಂಬಂಗಿಲ್ಲ.

ನಾಮದೇವ


ದಿಗ್ಗೇವಾಡಿ
22 ಮಾರ್ಚ್ 2025

ಮಾವಾರ,

ಉಗಾರದವರು ಲಗ್ನ ಮುರದ್ರು. ಸರಿತಾನ ಅಪ್ಪ ಅಂದ: “ಸೋದರಮಾವನ ಬಂದು ಹೇಳಿದಮ್ಯಾಲ ಮತ್ತ ಯಾರನ್ನ ಕೇಳೂಣು?” ಸಮಾಧಾನ ಆತಿಲ್ರಿ?

ನಿಮ್ಮ ಮ್ಯಾಲಿನ ಸಿಟ್ಟಿಗೇ ರಾಯಬಾಗ ದವಾಖಾನಿಗೆ ಹೋದೆ. ಎರಡು ಸಲ ಕಫ ಕೊಟ್ಟೆ, ಎಕ್ಸ್‌ರೇ ತಗಸಿದೆ. ನನ್ನ ಎದ್ಯಾಗ ಏನೂ ಇಲ್ಲ. ದೀಪಾವಳ್ಯಾಗ ಕೆಮ್ಮಿದ್ದು ಮಗ್ಗದ ಹತ್ತಿ ಧೂಳಿಗೆ, ಆ ಕೆಲಸ ಬಿಟ್ಟಮ್ಯಾಲ ಹೋಗೈತಿ. ವರದಿ ಝೆರಾಕ್ಸ್ ಇದರ ಜೋಡಿ ಇಟ್ಟೀನಿ. ಚೌಕಟ್ಟು ಹಾಕಿಸಿ ನಿಮ್ಮ ಗ್ವಾಡಿಗೆ ಹೊಡಕೋರಿ.

ಇಷ್ಟ ಬರದು ಪತ್ರ ಮುಗಸಬೇಕಿತ್ತು. ಆಗವಲ್ಲದು.

ವರದಿ ಕೊಡುವಾಗ ಅಲ್ಲಿಯ ಸಿಸ್ಟರ್ ಕೇಳಿದ್ರು, “ಭಿವಂಡಿ ಖೋಲ್ಯಾಗ ನಿನ್ನ ಜೋಡಿ ಯಾರ್ಯಾರು ಇದ್ರಪಾ?” ನಾ ಹುಡುಗರ ಹೆಸರು ಹೇಳಿದೆ. ಅವರೊಳಗ ಇಬ್ಬರು ರಕ್ತ ಕಾರಿ ತಮ್ಮ ತಮ್ಮ ಊರಿಗೆ ಹೋದವರು. ಆಮ್ಯಾಲ ಅಂದೆ, ಅಡಗಿಗೆ ಒಂದು ವರ್ಷ ನಮ್ಮವ್ವ ಇದ್ಲು. “ಅವ್ವ ಕೆಮ್ಮತಾಳೇನು?” ಅಂದ್ರು. ಇಲ್ರಿ ಅನ್ನಾಕ ಬಾಯಿ ತಗದೆ, ಮಾವಾರ.

ಅವ್ವ ಕೆಮ್ಮತಾಳ. ಒಲಿ ಮುಂದ ಕೆಮ್ಮತಾಳ, ಎಮ್ಮಿ ಹಿಂಡುವಾಗ ಕೆಮ್ಮತಾಳ, ಸೆರಗು ಬಾಯಿಗೆ ಇಟ್ಕೊಂಡು ಕೆಮ್ಮತಾಳ. ನಾವು ಒಲಿ ಹೊಗಿ ಅಂದ್ವಿ, ವಯಸ್ಸು ಅಂದ್ವಿ. ಮನ್ಯಾಗ ಗಡಿಯಾರ ಬಡದ್ರ ಯಾರು ಕೇಳಿಸ್ಕೊಳ್ತಾರ, ಹಂಗ. ಭಿವಂಡ್ಯಾಗ ಒಬ್ಬ ಡಾಕ್ಟರ್ ಟಿ.ಬಿ. ಗುಳಿಗಿ ಕೊಟ್ಟಿದ್ದ. ಕಫ ನೋಡಲಿಲ್ಲ, ಯಾವ ಗುಳಿಗಿ ನಾಟತೈತಿ ಅಂತ ನೋಡಲಿಲ್ಲ, ಚೀಟಿ ಬರದು ಕೊಟ್ಟ. ಸ್ವಲ್ಪ ಇಳೀತು. ಅಷ್ಟರಾಗ ಕಾಜಲ ಹುಟ್ಟಿದ್ಲಂತ ಸುದ್ದಿ ಬಂತು, ದಿಗ್ಗೇವಾಡ್ಯಾಗ ಬಾಣಂತನಕ್ಕ ಯಾರಿಲ್ಲಂತ ಗುಳಿಗಿ ಅಲ್ಲೇ ಬಿಟ್ಟು ಬಸ್ ಹತ್ತಿದ್ಲು. ಭಾಗ್ಯಾ ವೈನಿಗೆ ಎಣ್ಣಿ ಹಚ್ಚಿ ಎರದಾಕಿ ಅವ್ವನ. ಒಂದ ಖೋಲ್ಯಾಗ, ಗಾಳಿ ಹೊಗಬಾರದಂತ ಕಿಡಕಿ ಮುಚ್ಚಿ.

ಮನ್ಯಾಗ ಯಾರು ಕೆಮ್ಮತಾರಂತ ಆಶಾ ಕೇಳಿದಾಗ ಅವ್ವ ಸುಳ್ಳು ಹೇಳಿಲ್ರಿ. ನನ್ನ ಎಣಿಸಿದ್ಲು, ಅಣ್ಣನ್ನ ಎಣಿಸಿದ್ಲು, ಕೂಸಿನ್ನ ಎಣಿಸಿದ್ಲು. ಮನ್ಯಾಗ ಯಾರೂ ಅಂದ್ರ ಆಕಿ ಲೆಕ್ಕದಾಗ ಆಕಿ ಬರಂಗಿಲ್ಲ.

ನೀವೂ ಎಣಿಸಿದ್ರಲ್ಲ, ಹಿಂಡಿನ ಲೆಕ್ಕ ಬಲ್ಲವರು. ನಿಮ್ಮ ಪತ್ರ ನಾನ ಅವ್ವಗ ಓದಿ ಹೇಳಿದ್ದೆ, ಸಣ್ಣ ಅಕ್ಷರ ಆಕಿಗೆ ಈಗ ಮಂಜ ಕಾಣತಾವ. ನೀವು ಬರದಂಗನ ಮಾಡಿದ್ಲು. ಕೂಸಿನ್ನ ಮಗ್ಗಲದಾಗ ಹಾಕ್ಕೊಂಡು, ಒಂದ ಹೊದಿಕಿ ಮಾಡಿಕೊಂಡು, ಬಾಗಲಾ ಹಾಕ್ಕೊಂಡು ಮಲಗಿದ್ಲು.

ನಾಳೆ ಅವ್ವನ್ನ ಕರಕೊಂಡು ಹೋಗತೀನಿ. ಕೂಸಿನ್ನ ಭೀಮಸಣ್ಣ ಚಿಕ್ಕೋಡಿ ದವಾಖಾನಿಗೆ ಒಯ್ದು ತೋರಿಸಿ, ಅಲ್ಲಿಂದ ಅಕ್ಕೋಳಕ್ಕ ಬಿಟ್ಟು ಬರತಾನ.

ಮಾಳು


ದಿಗ್ಗೇವಾಡಿ, ಹೊಲದ ಗುಡಿಸಲ
9 ಏಪ್ರಿಲ್ 2025

ನಾಮ್ಯಾ,

ನನ್ನ ಕಫದಾಗೂ ಅದ ಬಂತು. ನಿನಗ ಗೊತ್ತಾಗೇ ಇರತೈತಿ. ನಿನ್ನ ಡಾಕ್ಟರ್ ಬಾಯಿಗೆ ಹೇಳು, ಈ ಹೆಳವಂದು ಇನ್ನ ಓದೂದು ಬ್ಯಾಡಂತ.

ನಾ ಹೊಲಕ್ಕ ಬಂದೀನಿ. ಮಾಳು ಬದುವಿನ ಮ್ಯಾಲ ಊಟ ಇಟ್ಟು ಹೋಗತಾನ. ಗುಳಿಗಿ ಚೀಲ ತಂದು ಕೊಟ್ರು, ನಾ ಮುಟ್ಟಿಲ್ಲ. ಆರು ತಿಂಗಳು ವಾಂತಿ ಮಾಡಿಕೋತ ಯಾರ ಮನ್ಯಾಗ ಬೀಳಲಿ? ನನ್ನ ಸೊಸಿಗೆ ನಾ ಬಾಗಲಾ ತೋರಿಸಿದಾಕಿ. ನನಗ ತೋರಸಾಕ ಯಾರೂ ಬರಲಿಲ್ಲ, ನಾನ ಎದ್ದು ಬಂದೆ.

ಕೂಸಿಂದು ಏನಾತಂತ ಮಾತ್ರ ತಿಳಸು. ಬ್ಯಾರೆ ಏನೂ ಬರೀಬ್ಯಾಡ.

ಕೆಂಪವ್ವ


ಅಕ್ಕೋಳ
29 ಮೇ 2025

ಅಕ್ಕಾ,

ಮೊದಲು ಕೂಸಿಂದು. ಕಾಜಲನ ಎದಿ ಸ್ವಚ್ಛ ಐತಿ. ಎರಡು ಸಲ ತಪಾಸ ಆಗೈತಿ. ರೋಗ ಏಳಬಾರದಂತ ಆರು ತಿಂಗಳು ಗುಳಿಗಿ, ಎರಡು ವರ್ಷ ಕಣ್ಣಿಟ್ಟು ನೋಡೂದು. ಗುಳಿಗಿ ಕಹಿ ಐತಿ. ತಾರಾಬಾಯಿ ಬೆಲ್ಲದಾಗ ಅರದು ಕೊಡತಾಳ, ಅದು ಬೆಲ್ಲ ನುಂಗಿ ಗುಳಿಗಿ ಉಗಳತೈತಿ. ನಿನ್ನ ಮೊಮ್ಮಗಳು ಅಂತ ಹೇಳೂದೇ ಬ್ಯಾಡ.

ಇದನ್ನ ಹೇಳಾಕ ಎರಡು ಸಲ ಬಂದಿದ್ದೆ. ನೀ ಬದುವಿನ ಮ್ಯಾಲ ನಿಂತು ಮಣ್ಣಿನ ಹೆಂಟಿ ಒಗದಿ. “ಅಲ್ಲೇ ನಿಂದ್ರು, ಹತ್ತಿರ ಬಂದಿಯಂದ್ರ ಕಾಲು ಮುರೀತೀನಿ” ಅಂತ ಚೀರಿದಿ, ಚೀರಿ ಕೆಮ್ಮಿದಿ. ನಿನ್ನ ಕೆಮ್ಮು ನಾ ಅವತ್ತ ಮೊದಲ ಸಲ ಕೇಳಿದೆ. ಖರೇ ಹೇಳಬೇಕಂದ್ರ ಹತ್ತು ಸಲ ಕೇಳಿರಬೇಕು. ನಿನ್ನ ಮನಿಗೆ ಬಂದಾಗೆಲ್ಲಾ ಒಳಗಿಂದ ಚಹಾ ಬರತಿತ್ತು, ಕೆಮ್ಮೂ ಬರತಿತ್ತು. ಚಹಾ ಕುಡದು ಬಂದೆ.

ನಿನ್ನ ವರದಿನೂ ಬಂತು. ಬ್ಯಾಡಂದ್ರೂ ಹೆಳವ ಓದಿದ. ನಿನ್ನ ಕ್ರಿಮಿ, ಭಾಗ್ಯಾನ ಕ್ರಿಮಿ ಒಂದ ಬೆಡಗು. ನಿನ್ನದರಾಗ ಇದ್ದ ತಪ್ಪಕ್ಷರ ಎಲ್ಲಾ ಆಕಿದರಾಗ ಅದಾವ, ಆಕಿದರಾಗ ಒಂದು ಹೆಚ್ಚಿಂದು ಐತಿ. “ಅತ್ತಿಯಿಂದ ಸೊಸಿಗೆ ಬಂದಂಗ ಕಾಣತೈತ್ರಿ, ಆದ್ರ ಇಷ್ಟರ ಮ್ಯಾಲ ಆಣಿ ಮಾಡಾಕ ಬರಂಗಿಲ್ಲ,” ಅಂದ್ರು ಡಾಕ್ಟರ್ ಬಾಯಾರು. ಭಿವಂಡ್ಯಾಗ ನಿನಗ ಹತ್ತಿದಾಗನ ಅದು ಗುಳಿಗಿ ತಪ್ಪಿಸಿಕೊಳ್ಳೂದು ಕಲತಿತ್ತಂತ. ಅವತ್ತು ಆ ಡಾಕ್ಟರ್ ಒಂದು ಡಬ್ಬ್ಯಾಗ ನಿನ್ನ ಕಫ ಹಿಡದು ನೋಡಿದ್ರ ಮುಗೀತಿತ್ತು. ನೋಡಲಿಲ್ಲ. ರೊಟ್ಟಿ ಬಡಿಯೂ ಹೆಂಗಸು, ಎದ್ದು ಕುಂತಾಳ, ಸಾಕು ಅಂತ ಬಿಟ್ಟ.

ಅವನ ಮ್ಯಾಲ ಸಿಟ್ಟು ಐತಿ. ಆ ಖೋಲ್ಯಾಗ ಹತ್ತು ಮಂದಿನ್ನ ತುಂಬಿದ ಮಾಲಕನ ಮ್ಯಾಲ ಐತಿ. ಬಾಗಲದಾಗ ನಿಂತಾಕಿಗೆ ‘ನೀ ಹೆಂಗದಿಯವ್ವಾ’ ಅಂತ ಕೇಳದ ಹೋದ ಆಶಾ ಮ್ಯಾಲ ಐತಿ. ನಿನ್ನ ಮ್ಯಾಲಂತೂ ನನಗ ಬರದು ತೀರಸಾಕ ಹಾಳಿ ಸಾಲಂಗಿಲ್ಲ.

ನನ್ನ ಮ್ಯಾಲಿಂದು ಹೇಳತೀನಿ. ಕುರಿ ಎಣಿಸುವಾಗ ಕುರಿ ಕಾಯಾಕಿನ್ನ ಎಣಿಸಲಿಲ್ಲ ನಾ. ಮೂಗು ಹಿಡದು ನೋಡಿದೆ, ಬೆರಳು ಮಡಚಿದೆ, ಉಳಿದಾಂವ ಒಬ್ಬ ಅಂತ ಜಂಬ ಹೊಡದೆ. ಒಂದು ಹುಡುಗನ ಲಗ್ನ ಮುರದೆ. ಕೂಸಿನ್ನ ನಾನ ಬರದು ನಿನ್ನ ಹೊದಿಕ್ಯಾಗ ಹಾಕಿದೆ. ಉಳದದ್ದು ಆ ಕೂಸಿನ ನಸೀಬು, ನನ್ನ ಶ್ಯಾಣ್ಯಾತನ ಅಲ್ಲ. ಉಗಾರಕ್ಕ ಮತ್ತ ಹೋಗಿದ್ದೆ. ಮಾಳುನ ವರದಿ ಅವರ ಮುಂದ ಇಟ್ಟೆ. ಸರಿತಾನ ಅಪ್ಪ ನೀರೂ ಕೊಡಲಿಲ್ಲ. ಕೊಡಬೇಕಂತ ಇಲ್ಲ.

ಈಗ ನಿನ್ನ ಲೆಕ್ಕ. ನಿನ್ನ ಎರಡೂ ಪುಪ್ಪುಸದಾಗ ಐತಿ. ಗುಳಿಗಿ ನುಂಗಲಿಲ್ಲಂದ್ರ ಉಳಿಯೂದು ಕಷ್ಟ ಅಂದಾರ, ನುಂಗಿದ್ರ ಉಳೀತಾರ ಅಂದಾರ. ನಡುವ ಬಿಟ್ರ ಅದು ಈ ಹೊಸ ಗುಳಿಗಿಯನ್ನೂ ತಪ್ಪಿಸಿಕೊಳ್ಳಾಕ ಕಲೀತೈತಿ. ಗುಡಿಸಲದಾಗ ಕುಂತು ಸಾಯೂದನ್ನ ನೀ ಪ್ರಾಯಶ್ಚಿತ್ತ ಅಂತ ತಿಳದಿದ್ರ, ಬದುವಿನ ಮ್ಯಾಲ ಊಟ ಇಡು ಮಾಳುನ ಎದಿನ್ನೂ ಅದರಾಗ ಹಿಡದು ಎಣಿಸು.

ಭಾಗ್ಯಾನ ಗುಳಿಗಿ ಮುಗದಾವ. ಕಫ ಸ್ವಚ್ಛ ಬಂದೈತಿ. ನಿನ್ನ ಕರಕೊಂಡು ಬರಲೇನು ಅಂತ ಆಕಿನ್ನ ಕೇಳಿದೆ. ಕಾಜಲನ ಅಂಗಿ ಹಿಂಡಾಕತ್ತಿದ್ಲು, ಈಗ ತೊಡವರು ಅದಾರ. ಹಿಂಡಿ ಹಗ್ಗದ ಮ್ಯಾಲ ಹಾಕಿದ್ಲು. ಆಮ್ಯಾಲ ಅಂದದ್ದನ್ನ ಅಂದಂಗ ಬರೀತೀನಿ:

“ನನ್ನ ಸಿಟ್ಟು ಇಳಿದಿಲ್ಲಪ್ಪಾ. ಇಳಿಯೂ ಲಕ್ಷಣನೂ ಇಲ್ಲ. ಆ ಬಸ್ ಸ್ಟ್ಯಾಂಡಿನಾಗ ಎಷ್ಟು ಮಂದಿ ನನ್ನ ನೋಡಿ ಸರದು ಕುಂತ್ರು, ಅದನ್ನೆಲ್ಲಾ ಅತ್ತಿಗೆ ಕುಂಡ್ರಿಸಿಕೊಂಡು ಹೇಳಬೇಕು. ವರ್ಷಗಟ್ಟಲೆ ಹೇಳಬೇಕು. ಸತ್ತಾಕಿ ಜೋಡಿ ನಾ ಹೆಂಗ ಜಗಳಾಡಲಿ? ಗುಳಿಗಿ ನಾನ ನುಂಗಸತೀನಿ. ವಾಂತಿ ಮಾಡಿದ್ರ ಬಳೀತೀನಿ. ಮಾತು ಮಾತ್ರ ಬಿಡಂಗಿಲ್ಲ, ಹೇಳು.”

ಹೇಳಿದೆ.

ಹಿತ್ತಲ ಖೋಲಿಗೆ ಮತ್ತೊಂದು ಕಿಡಕಿ ಒಡಸೀನಿ. ಮುಂದಿನ ಗುರುವಾರ ಮುಂಜಾನೆ ಕುರಿ ಒಯ್ಯು ಗಾಡಿ ತೊಳದು ತರತೀನಿ. ಹೆಂಟಿ ಒಗಿಯೂದಿದ್ರ ಒಗಿ, ನಾ ಈ ಸಲ ಹಿಂದ ಸರಿಯಂಗಿಲ್ಲ. ಮುಂದಿನ ಸೀಟಿನಾಗ ಕುಂಡ್ರು, ಎರಡೂ ಕಡೆ ಗಾಜು ಇಳಿಸಿರತೀನಿ. ದಿಗ್ಗೇವಾಡಿಯಿಂದ ಅಕ್ಕೋಳದ ತನಕ ದಾರಿ ಉದ್ದ ಐತಿ. ನೀ ಬೈಯಿ. ನಿನಗ ಕೆಮ್ಮು ಬಂದಾಗ ನಾ ಬೈತೀನಿ.

ನಾಮ್ಯಾ